ಹಳೇ ಲೆಕ್ಕದ ಪುಸ್ತಕ

2024ರ ಜುಲೈನಲ್ಲಿ ಗೂಗಲ್‌ನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ ಪೂರ್ತಿ ಮುಚ್ಚಿತು. ಎಣಿಕೆ 2023ರ ಜುಲೈ 1ಕ್ಕೇ ನಿಂತಿತ್ತು. ಆಗ ಹಳೆಯ ಅಂಕಿಗಳೂ ಅಳಿಸಿಹೋದವು. ಹೊಸ ಜಿಎ4 ಇದೆಯಲ್ಲ ಅಂತೀರಾ? ಹಳೇ ಲೆಕ್ಕ ಅದರೊಳಕ್ಕೆ ಬರಲ್ಲ. ಅಲ್ಲಿ ಭೇಟಿಗಳ ಲೆಕ್ಕ, ಇಲ್ಲಿ ಕ್ಲಿಕ್ಕು, ಸ್ಕ್ರೋಲು ಎಲ್ಲವೂ ಒಂದೊಂದು ‘ಇವೆಂಟ್’. ಸೇರಿನ ಲೆಕ್ಕವನ್ನ ಕೇಜಿಗೆ ಕೂಡಿಸೋಕಾಗುತ್ತಾ?

ಹಾಗಾಗಿ ಮುಚ್ಚೋ ಮೊದಲೇ ತಿಂಗಳವಾರು ಎಲ್ಲಾ ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡಿದ್ದೆ. ಒಟ್ಟು ಸಂಖ್ಯೆ ಹೋದ್ರೆ ಹೋಗಲಿ. ಊರುಗಳ ಪಟ್ಟಿ ಇತ್ತಲ್ಲ, ಅದು ಬೇಕಿತ್ತು. ಅಜ್ಜಿಯ ಬಗ್ಗೆ ಬರೆದಿದ್ದ ಪುಟಕ್ಕೆ ಮಸ್ಕತ್ತಿನಿಂದ ತಿಂಗಳು ತಪ್ಪದೆ ಒಂದು ಭೇಟಿ. ಯಾರೋ ಒಬ್ಬರೇ ಇರಬೇಕು. ಒಂದು ಕಾಮೆಂಟೂ ಹಾಕಿದವರಲ್ಲ. ಅವರು ಬಂದುಹೋದದ್ದಕ್ಕೆ ಇರುವ ಗುರುತು ಅದೊಂದೇ ಸಾಲು. ಅದನ್ನ ಮೊದಲು ಇಳಿಸಿಕೊಂಡೆ.