ಮೇಲ್ಸೇತುವೆ ಕೆಡವಿ ಹೊಳೆ ಹರಿಸಿದ ಊರು

1988ರ ಒಲಿಂಪಿಕ್ಸ್ ನೆನಪಿರುವ ತಂದೆತಾಯಿಗಳಿಗೆ ಸೋಲ್ ನಗರದ ಹೆಸರು ಹೊಸದಲ್ಲ. ದಕ್ಷಿಣ ಕೊರಿಯಾದ ಈ ರಾಜಧಾನಿಯ ನಟ್ಟನಡುವೆ ಒಂದು ಸಣ್ಣ ಹೊಳೆ ಹರಿಯುತ್ತದೆ. ಹೆಸರು ಚಂಗ್‌ಗ್ಯೆಚನ್, ತಿಳಿನೀರಿನ ಕಣಿವೆಯ ತೊರೆ ಎಂದು ಅರ್ಥ. ಎರಡೂ ಕಡೆ ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡಗಳು, ಬಿಡುವಿಲ್ಲದ ವಾಹನ ಸಂಚಾರ. ರಸ್ತೆಯಂಚಿನ ಮೆಟ್ಟಿಲಿಳಿದು ಕೆಳಗೆ ಬಂದರೆ ಬೇರೆಯೇ ಲೋಕ. ಬೂಟು ಕಳಚಿಟ್ಟು ನೀರಿಗೆ ಕಾಲು ಇಳಿಬಿಟ್ಟ ಕಚೇರಿ ನೌಕರರು, ಸಾಲುಗಲ್ಲುಗಳ ಮೇಲೆ ಕುಪ್ಪಳಿಸುತ್ತ ಹೊಳೆ ದಾಟುವ ಮಕ್ಕಳು, ಮೊಣಕಾಲುದ್ದದ ನೀರಿನಲ್ಲಿ ಮೀನಿಗಾಗಿ ಹೊಂಚು ಹಾಕಿದ ಬಕಪಕ್ಷಿ.

ಇದೇ ಜಾಗದಲ್ಲಿ 2003ರವರೆಗೆ ಇದ್ದದ್ದು ಕಾಂಕ್ರೀಟ್ ರಸ್ತೆ; ಅದರ ನೆತ್ತಿಯ ಮೇಲೆ 16 ಮೀಟರ್ ಅಗಲದ ಮೇಲ್ಸೇತುವೆ. ಎರಡನ್ನೂ ಸೇರಿಸಿದರೆ ದಿನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ವಾಹನಗಳ ಓಡಾಟ.

ಹೂತುಹೋದ ಹೊಳೆ

ಕಥೆ ಹಳೆಯದು. ಜೊಸನ್ ರಾಜವಂಶದವರು ಸೋಲನ್ನು ರಾಜಧಾನಿ ಮಾಡಿಕೊಂಡಾಗ ಸುತ್ತಲಿನ ಬೆಟ್ಟಗಳ ಮಳೆನೀರೆಲ್ಲ ಈ ಹೊಳೆಗೇ ಬರುತ್ತಿತ್ತು. ನಮ್ಮ ರಾಜಕಾಲುವೆಗಳಂತೆ ಊರಿನ ಕೊಳೆಯೂ ಇದರ ಪಾಲೇ. 1760ರಲ್ಲಿ ಯಂಗ್‌ಜೊ ಎಂಬ ದೊರೆ ಅಪಾರ ಸಂಖ್ಯೆಯ ಆಳುಗಳನ್ನು ಹಚ್ಚಿ ಹೂಳೆತ್ತಿಸಿದ. 1950ರಿಂದ 53ರವರೆಗಿನ ಯುದ್ಧದ ನಂತರ ನಿರಾಶ್ರಿತರು ದಡದಲ್ಲಿ ಗುಡಿಸಲು ಹಾಕಿಕೊಂಡರು. ಹೊಳೆ ಗಬ್ಬೆದ್ದು ನಾರತೊಡಗಿತು. 1958ರಿಂದ ಅದನ್ನು ಕಾಂಕ್ರೀಟಿನಿಂದ ಮುಚ್ಚುತ್ತ ಬಂದರು. 1960ರ ದಶಕದ ಕೊನೆಯಲ್ಲಿ ಅದರ ಮೇಲೆ ಸೇತುವೆಯ ಕೆಲಸವೂ ಶುರುವಾಯಿತು. ಆ ಕಾಲಕ್ಕೆ ಅದೇ ಪ್ರಗತಿಯ ಗುರುತು.

ಕಾಂಕ್ರೀಟಿಗೂ ಆಯುಸ್ಸುಂಟು. ಕೆಳಗಿನ ಕೊಳಚೆಯಿಂದೇಳುವ ಅನಿಲಗಳು ಮುಚ್ಚಿಗೆಯ ಕಬ್ಬಿಣವನ್ನು ತಿನ್ನುತ್ತ ಹೋದವು. 1994ರಲ್ಲಿ ಇದೇ ನಗರದ ಹಾನ್ ನದಿಯ ಮೇಲಿನ ಸಂಗ್ಸು ಸೇತುವೆ ಬೆಳಗಿನ ಹೊತ್ತು ಕುಸಿದು 32 ಮಂದಿ ಸತ್ತರು. ಅವರಲ್ಲಿ ಶಾಲೆಗೆ ಹೊರಟಿದ್ದ ಹುಡುಗಿಯರೂ ಇದ್ದರು. ಅದಾದ ಮೇಲೆ ಹಳೆಯ ಸೇತುವೆಗಳೆಂದರೆ ಜನಕ್ಕೆ ಜೀವಭಯ. ಚಂಗ್‌ಗ್ಯೆ ಮೇಲ್ಸೇತುವೆಗೆ ಭಾರೀ ಖರ್ಚಿನ ದುರಸ್ತಿ ಮಾಡಬೇಕು, ಇಲ್ಲವೇ ಕೆಡವಬೇಕು ಎಂಬ ಸ್ಥಿತಿ ಬಂತು. 2002ರಲ್ಲಿ ಮೇಯರ್ ಆಗಿ ಆಯ್ಕೆಯಾದ ಲೀ ಮ್ಯುಂಗ್‌ಬಾಕ್ ಕೆಡವುವುದನ್ನೇ ಆರಿಸಿಕೊಂಡರು. 2003ರ ಜುಲೈನಲ್ಲಿ ಕೆಲಸ ಆರಂಭ. 2005ರ ಅಕ್ಟೋಬರ್ 1ರಂದು ಸುಮಾರು 5.8 ಕಿಲೋಮೀಟರ್ ಹೊಳೆ ಜನರಿಗೆ ತೆರೆದುಕೊಂಡಿತು.

ವಾಹನಗಳೆಲ್ಲ ಎಲ್ಲಿ ಹೋದವು?

ಊರೆಲ್ಲ ಗೊಂದಲವಾಗುತ್ತದೆ ಎಂದು ಹೆದರಿದವರೇ ಹೆಚ್ಚು. ಹಾಗೇನೂ ಆಗಲಿಲ್ಲ. 2004ರ ಜುಲೈನಲ್ಲಿ ನಗರದ ಬಸ್ಸುಗಳ ಮಾರ್ಗಗಳನ್ನೆಲ್ಲ ಹೊಸದಾಗಿ ಜೋಡಿಸಿ, ದೊಡ್ಡ ರಸ್ತೆಗಳ ಮಧ್ಯೆ ಬಸ್ಸಿಗೆಂದೇ ಪಥ ಮೀಸಲಿಟ್ಟರು. ಕಾರಿನವರಲ್ಲಿ ಕೆಲವರು ಬಸ್ಸು, ಮೆಟ್ರೋ ಹಿಡಿದರು. ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೇಸ್ 1968ರಲ್ಲೇ ಒಂದು ವಿಚಿತ್ರ ಸತ್ಯ ತೋರಿಸಿದ್ದರು: ಎಲ್ಲರೂ ತಮಗೆ ಹತ್ತಿರವಾದ ದಾರಿಯನ್ನೇ ಹಿಡಿದಾಗ, ಹೊಸ ರಸ್ತೆ ಸೇರಿಸಿದರೂ ಎಲ್ಲರ ಪ್ರಯಾಣ ನಿಧಾನವಾಗುವುದುಂಟು. ಹಾಗೆಯೇ ಒಂದು ರಸ್ತೆ ತೆಗೆದ ಮಾತ್ರಕ್ಕೆ ಸಂಚಾರ ನಿಂತುಹೋಗಬೇಕೆಂದಿಲ್ಲ.

ಬೇಸಿಗೆಯಲ್ಲಿ ಇಲ್ಲಿ ನಡೆದವರಿಗೆ ತಂಪು ಕೂಡಲೇ ತಿಳಿಯುತ್ತದೆ. ನಾಲ್ಕಾರು ಬೀದಿ ಆಚೆಯ ಸಮಾನಾಂತರ ರಸ್ತೆಗಿಂತ ಹೊಳೆಯ ಬದಿಯಲ್ಲಿ ಉಷ್ಣತೆ 3.3ರಿಂದ 5.9 ಡಿಗ್ರಿ ಸೆಲ್ಸಿಯಸ್ ಕಡಿಮೆ ಎಂದು ಅಳೆದಿದ್ದಾರೆ. ವಿದ್ಯಾರ್ಥಿಗಳಿಗೆ ಇದು ಪಠ್ಯದಲ್ಲೇ ಇರುವ ವಿಷಯ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಸುತ್ತಲಿನಿಂದಲೇ ಹೀರಿಕೊಳ್ಳುತ್ತದೆ. ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಜೊತೆಗೆ ಬಿಸಿಲನ್ನು ಕುಡಿದು ಇಟ್ಟುಕೊಳ್ಳುವ ಟಾರು ಹೋಯಿತು. ಗಾಳಿಗೆ ಹರಿಯಲು ಓಣಿ ಸಿಕ್ಕಿತು.

ಲೆಕ್ಕದ ಇನ್ನೊಂದು ಪುಟ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಲೆಕ್ಕ ಮಾತ್ರ ಬರೆದಂತೆ. ಈ ಹೊಳೆಗೆ ವರ್ಷವಿಡೀ ಹರಿಯುವಷ್ಟು ಸ್ವಂತ ನೀರಿಲ್ಲ. ದಿನಕ್ಕೆ ಸುಮಾರು 1 ಲಕ್ಷ 20 ಸಾವಿರ ಟನ್, ಅಂದರೆ 12 ಕೋಟಿ ಲೀಟರ್ ನೀರನ್ನು ಇದಕ್ಕೆ ಬಿಡುತ್ತಾರೆ. ಬಹುಪಾಲು ಹಾನ್ ನದಿಯದು. ಉಳಿದದ್ದು ಮೆಟ್ರೋ ನಿಲ್ದಾಣಗಳಲ್ಲಿ ಜಿನುಗುವ ಅಂತರ್ಜಲ. ಪಂಪು ನಿಂತರೆ ಹೊಳೆಯೂ ಸೊರಗಿ ನಿಲ್ಲುತ್ತದೆ. ಜೋರು ಮಳೆ ಬಂದಾಗ ಚರಂಡಿಯ ನೀರು ಬೆರೆತ ಮಳೆನೀರು ಪಕ್ಕದ ಗೋಡೆಯ ಬಾಗಿಲುಗಳಿಂದ ಒಳಗೆ ನುಗ್ಗುವುದರಿಂದ ದಂಡೆಯ ಕಾಲುದಾರಿಗಳನ್ನು ಮುಚ್ಚಬೇಕಾಗುತ್ತದೆ. 1410ರ ಕಲ್ಲಿನ ಸೇತುವೆ ಗ್ವಾಂಗ್‌ಟೊಂಗ್ ಮತ್ತೆ ಎದ್ದು ನಿಂತಿದೆಯಾದರೂ ಅದು ಮೂಲ ಜಾಗದಲ್ಲಿಲ್ಲ, ತುಸು ಮೇಲಕ್ಕಿದೆ.

ಇನ್ನು ಮನುಷ್ಯರ ಮಾತು. ಮೇಲ್ಸೇತುವೆಯ ನೆರಳಲ್ಲಿ ನಟ್ಟು ಬೋಲ್ಟು, ಹಳೆ ಬಟ್ಟೆ, ಹಳೆ ರೇಡಿಯೊ ಮಾರಿ ಬದುಕಿದವರು ಸಾವಿರಾರು ಮಂದಿ. ಅಂಗಡಿಕಾರರೊಡನೆ 4,000ಕ್ಕೂ ಹೆಚ್ಚು ಸಭೆ ನಡೆಸಿದೆವೆಂದು ನಗರಾಡಳಿತ ಹೇಳಿಕೊಂಡಿದೆ. ಆದರೆ ಬೀದಿ ವ್ಯಾಪಾರಿಗಳಿಗೆ ಸಿಕ್ಕಿದ್ದು ಡೊಂಗ್‌ಡೆಮುನ್ ಕ್ರೀಡಾಂಗಣದ ಬಯಲು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದರು. 2014ರಲ್ಲಿ ಅಲ್ಲಿ ವಾಸ್ತುಶಿಲ್ಪಿ ಜಹಾ ಹದೀದ್ ರೂಪಿಸಿದ ಭವ್ಯ ವಿನ್ಯಾಸ ಭವನ ತೆರೆಯಿತು. ವ್ಯಾಪಾರಿಗಳು 2008ರಲ್ಲೇ ಮತ್ತೆ ಗಂಟುಮೂಟೆ ಕಟ್ಟಿ ಸಿನ್‌ಸಲ್‌ಡೊಂಗ್‌ನ ಸಂತೆಗೆ ಹೋಗಬೇಕಾಯಿತು. ಊರು ಚೆಂದವಾದಾಗಲೆಲ್ಲ ಅವರಿಗೊಂದು ಹೊಸ ವಿಳಾಸ.

ಹೊಳೆಯ ಮೇಲಿನ ಒಂದು ಸೇತುವೆಯಲ್ಲಿ ಯುವಕನೊಬ್ಬನ ಕಂಚಿನ ಪ್ರತಿಮೆಯಿದೆ. ಚೊನ್ ತೆಇಲ್ ಎಂಬ ಆ ಬಟ್ಟೆ ಹೊಲಿಯುವ ಕಾರ್ಮಿಕ, ಕಾರ್ಮಿಕ ಕಾನೂನನ್ನು ಪಾಲಿಸಿ ಎಂದು ಪ್ರತಿಭಟಿಸಿ 1970ರಲ್ಲಿ 22ನೆಯ ವಯಸ್ಸಿಗೇ ಪ್ರಾಣತೆತ್ತವನು. ಅಲ್ಲಿಂದ ಇನ್ನೂ ಕೆಳಗೆ ನಡೆದರೆ ನೀರಿನ ನಡುವೆ ಹಳೆಯ ಮೇಲ್ಸೇತುವೆಯ ಮೂರು ಕಂಬಗಳು ಸಿಗುತ್ತವೆ. ಹೊರಲು ಏನೂ ಇಲ್ಲದ ಈ ಕಂಬಗಳನ್ನು ಬೇಕೆಂದೇ ಉಳಿಸಿದ್ದಾರೆ. ಇವು ಯಾಕಿವೆ ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಕೇಳಿದಾಗ ಹಿರಿಯರು ಕಥೆಯನ್ನು ಮೊದಲಿನಿಂದ ಹೇಳಲೇಬೇಕು.

ಒಮ್ಮೆ ಮಾಡಿದ್ದನ್ನು ಬದಲಿಸಲು ಬರುವುದಿಲ್ಲವೆಂದು ನಮ್ಮೂರುಗಳ ವಿಷಯದಲ್ಲಿ ಎಷ್ಟೋ ಸಲ ಕೈಚೆಲ್ಲಿ ಕೂರುತ್ತೇವೆ. ಬದಲಿಸಬಹುದು ಎನ್ನುವುದಕ್ಕೆ ಸೋಲ್ ಸಾಕ್ಷಿ. ವಿದ್ಯಾರ್ಥಿಗಳು ಇಂಥ ಯಾವುದೇ ಯೋಜನೆಯ ಬಗ್ಗೆ ಓದಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಲಿ: ನೀರು ಎಲ್ಲಿಂದ ಬರುತ್ತಿದೆ? ಮೊದಲು ಇಲ್ಲಿದ್ದವರು ಎಲ್ಲಿ ಹೋದರು?