ಕುತ್ತಿಗೆಯ ಕಪ್ಪು

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ತಂಗಿ ತನ್ನ ಮೊಮ್ಮಗಳೊಡನೆ ನಮ್ಮಲ್ಲಿಗೆ ಬಂದಿದ್ದಳು. ಹುಡುಗಿಗೆ ಹದಿನೆಂಟು ತುಂಬಿದೆ. ಬಂದ ಮರುದಿನ ಬೆಳಿಗ್ಗೆ ಹಿತ್ತಿಲ ಜಗಲಿಯಲ್ಲಿ ಏನೋ ಜಟಾಪಟಿ ಕೇಳಿಸಿತು. ಹೋಗಿ ನೋಡಿದರೆ, ತಂಗಿ ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿಕೊಂಡು ಮೊಮ್ಮಗಳ ಕುತ್ತಿಗೆಯ ಹಿಂಭಾಗವನ್ನು ನಾರಿನಿಂದ ತಿಕ್ಕುತ್ತಿದ್ದಾಳೆ; ಹುಡುಗಿ ಹಲ್ಲು ಕಚ್ಚಿಕೊಂಡು ಕುಳಿತಿದ್ದಾಳೆ. "ನೋಡಕ್ಕಾ, ಎಷ್ಟು ತಿಕ್ಕಿದರೂ ಈ ಕೊಳೆ ಹೋಗುವುದೇ ಇಲ್ಲ" ಎಂದಳು ತಂಗಿ. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಅದು ಕೊಳೆಯಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಾದ ಬಗೆಯನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಆದರೂ ಇದನ್ನು ಓದುವವರಲ್ಲಿ ಬಹುಮಂದಿ ನನ್ನ ತರಗತಿಯಲ್ಲಿ ಕುಳಿತವರೇ ಆದುದರಿಂದ, ನಿಮ್ಮೆದುರು ಹೇಳಿಬಿಡುವುದೇ ಸರಿ.

1986ನೆಯ ಇಸವಿ. ನಾನಾಗ ಮಲೆನಾಡಿನ ಸಣ್ಣ ಊರೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಿಕೆ. ವರ್ಷಕ್ಕೊಮ್ಮೆ ಮಕ್ಕಳ ಎತ್ತರ, ತೂಕಗಳನ್ನು ದಾಖಲಿಸುವ ಹೊಣೆ ನನ್ನ ಪಾಲಿನದು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಓದಿನಲ್ಲಿ ಜಾಣೆ. ಕೈಕಾಲುಗಳು ಸಣ್ಣವೇ, ತೂಕವೂ ಓರಗೆಯವರಿಗಿಂತ ಎರಡು ಮೂರು ಕಿಲೋ ಹೆಚ್ಚಿದ್ದೀತು, ಅಷ್ಟೆ. ಆದರೆ ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಮೇಲ್ದುಟಿಯ ಮೇಲೆ ನಸುಗಪ್ಪು ಕೂದಲು, ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ. "ಮನೆಯಲ್ಲಿ ಕರಿದ ತಿಂಡಿ ಹೆಚ್ಚೋ?" ಎಂದು ಕೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸ್ವಚ್ಛತೆಯ ಪಾಠ ನಡೆಯುತ್ತಿದ್ದ ದಿನ ಅವಳನ್ನೇ ಎಬ್ಬಿಸಿ ನಿಲ್ಲಿಸಿ, "ಕುತ್ತಿಗೆಯನ್ನು ತೊಳೆಯುವ ಅಭ್ಯಾಸವಿಲ್ಲವೇನಮ್ಮ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮಾರನೆಯ ದಿನ ಅವಳ ಕುತ್ತಿಗೆಯ ಚರ್ಮ ಕೆಂಪಗೆ ತರಚಿಹೋಗಿತ್ತು. ಕಂಡೂ ನಾನು ಏನನ್ನೂ ಕೇಳಲಿಲ್ಲ. ಪಾಠ ಫಲಿಸಿತೆಂದುಕೊಂಡೆನೇನೋ!

2019ರಲ್ಲಿ ಆ ತಂಡದವರು ಗುರುವಂದನೆ ಏರ್ಪಡಿಸಿದ್ದರು. ಅವಳೂ ಬಂದಿದ್ದಳು, ಬ್ಯಾಂಕಿನಲ್ಲಿ ಅಧಿಕಾರಿ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತು ತನ್ನ ಕಥೆ ಹೇಳಿದಳು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗದಿದ್ದಾಗ ವೈದ್ಯರಲ್ಲಿಗೆ ಹೋದಳಂತೆ, ಪಿಸಿಓಎಸ್ ಎಂದರಂತೆ. ಮೂವತ್ತೆಂಟಕ್ಕೆ ಸಕ್ಕರೆ ಕಾಯಿಲೆ. "ಟೀಚರ್, ಆ ಕಪ್ಪು ತೊಳೆದರೆ ಹೋಗುವಂಥದಲ್ಲವಂತೆ. ಇನ್ಸುಲಿನ್ ಹೆಚ್ಚಾದಾಗ ಚರ್ಮ ಹಾಗೆ ಕಪ್ಪಾಗಿ ದಪ್ಪವಾಗುತ್ತದಂತೆ" ಎಂದು ನಗುತ್ತಲೇ ಅಂದಳು. ಎಲೆಯಲ್ಲಿದ್ದ ಹೋಳಿಗೆ ಗಂಟಲಿನಲ್ಲಿ ಇಳಿಯಲಿಲ್ಲ.

ಅಲ್ಲಿಂದೀಚೆಗೆ ಈ ವಿಷಯವನ್ನು ಹುಡುಕಿ ಓದಿದೆ, ಪರಿಚಿತ ವೈದ್ಯರನ್ನು ಕೇಳಿದೆ. ಮೂವತ್ತು ವರ್ಷ ಜೀವಶಾಸ್ತ್ರ ಬೋಧಿಸಿದವಳು ನಿವೃತ್ತಳಾದ ಮೇಲೆ ಕಲಿತದ್ದು ಇಷ್ಟು.

ಹೆಣ್ಣಿನ ದೇಹದಲ್ಲಿ ಕೊಬ್ಬು ಸಾಮಾನ್ಯವಾಗಿ ನಿತಂಬ, ತೊಡೆಗಳಲ್ಲಿ ಚರ್ಮದಡಿ ಶೇಖರವಾಗುತ್ತದೆ. ಬಸಿರು ಬಾಣಂತನಗಳಿಗೆಂದು ಕೂಡಿಟ್ಟ ಗಂಟು ಅದು. ಕಣಜದ ಭತ್ತದಂತೆ ತನ್ನ ಪಾಡಿಗೆ ತಾನಿರುತ್ತದೆ. ಗಂಡಸರದು ಹೆಚ್ಚಾಗಿ ಹೊಟ್ಟೆಯೊಳಗೆ, ಕರುಳಿನ ಸುತ್ತ ಸೇರುತ್ತದೆ. ಫ್ರಾನ್ಸಿನ ಮಾರ್ಸೇಲ್ಸ್ ನಗರದ ವೈದ್ಯ ಝಾನ್ ವಾಗ್ 1947ರಲ್ಲಿಯೇ ಈ ಎರಡು ಬಗೆಗಳನ್ನು ಗುರುತಿಸಿ, ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದನ್ನು ನೋಡಬೇಕೆಂದು ವಾದಿಸಿದರು. ಪಿಸಿಓಎಸ್ ಇರುವ ಅನೇಕ ಹೆಣ್ಣುಮಕ್ಕಳಲ್ಲಿ ಕೊಬ್ಬು ಗಂಡಸರ ಜಾಡನ್ನೇ ಹಿಡಿದು ಹೊಟ್ಟೆಗೆ ಇಳಿಯುತ್ತದೆ. ಕಾರಣವೂ ಆಶ್ಚರ್ಯಕರವಾದುದು. ಅವರ ದೇಹ ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆದ್ದರಿಂದ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಇನ್ಸುಲಿನ್ ಅಂಡಾಶಯವನ್ನು ಪ್ರಚೋದಿಸಿ ಆಂಡ್ರೋಜನ್ ಎಂಬ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ. ಈ ಹಾರ್ಮೋನನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಯಕೃತ್ತು ತಯಾರಿಸುತ್ತದಷ್ಟೆ, ಅದನ್ನೂ ತಗ್ಗಿಸುತ್ತದೆ. ಬಿಡುಗಡೆಯಾದ ಆಂಡ್ರೋಜನ್ ಕೊಬ್ಬನ್ನು ಹೊಟ್ಟೆಯ ಕಡೆಗೆ ಎಳೆಯುತ್ತದೆ. ಹೊಟ್ಟೆಯ ಕೊಬ್ಬೋ, ಸುಮ್ಮನಿರುವ ಜಾತಿಯದಲ್ಲ. ಕೊಬ್ಬಿನಾಮ್ಲಗಳನ್ನು ನೇರ ಯಕೃತ್ತಿಗೆ ಕಳುಹಿಸಿ ಇನ್ಸುಲಿನ್ನಿನ ಮಾತು ಮತ್ತಷ್ಟು ನಡೆಯದಂತೆ ಮಾಡುತ್ತದೆ. ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತು. ಇದರಲ್ಲಿ ನಾನು ಕೇಳಿದ ಕರಿದ ತಿಂಡಿಯ ಪಾಲು ಎಷ್ಟಿದ್ದೀತು?

ಪಿಸಿಓಎಸ್ ಇರುವವರೆಲ್ಲ ದಪ್ಪಗಿರುತ್ತಾರೆಂದೇನೂ ಇಲ್ಲ. ತೂಕ ಸಮನಾಗಿರುವ ಇಬ್ಬರನ್ನು ಹೋಲಿಸಿದಾಗಲೂ ರೋಗವಿರುವವಳ ಒಳಗೊಬ್ಬು ಹೆಚ್ಚಿರುತ್ತದೆಯೇ ಎಂಬ ವಿಚಾರದಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಭಾರತೀಯರಾದ ನಮಗಂತೂ ತೂಕದ ಯಂತ್ರ ಬಹಳ ಮೋಸ ಮಾಡುತ್ತದೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಯುಡ್ಕಿನ್ ಜೊತೆಯಾಗಿ ನಿಂತ ಭಾವಚಿತ್ರವೊಂದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರ ತೂಕಗಳ ಲೆಕ್ಕದ ಬಿಎಂಐ ಇಬ್ಬರದೂ 22.3. ಆದರೆ ಯುಡ್ಕಿನ್ನರ ಮೈಕೊಬ್ಬು ಶೇಕಡಾ 9.1, ಯಾಜ್ಞಿಕರದು 21.2! ಗಂಡಸರ ಮಾತಾಯಿತು ನಿಜ, ಆದರೆ ನಮ್ಮ ಹೆಣ್ಣುಮಕ್ಕಳದೂ ಅದೇ ರಕ್ತ. ನಮ್ಮ ದೇಶದ ವಯಸ್ಕ ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರು ದಾಟಿದರೆ ಎಚ್ಚರ ವಹಿಸಬೇಕೆನ್ನುತ್ತಾರೆ. 1986ರ ನನ್ನ ದಾಖಲೆ ಪುಸ್ತಕದಲ್ಲಿ ಸೊಂಟಕ್ಕೆ ಕಾಲಂ ಇರಲಿಲ್ಲ.

ಆ ಬೆಳಿಗ್ಗೆ ಹುಡುಗಿಯನ್ನು ಒಳಗೆ ಕರೆದು ಹೊಲಿಗೆ ಪೆಟ್ಟಿಗೆಯ ಟೇಪು ತೆಗೆದು ಅಳೆದೆ: 86. ಎತ್ತರ 156 ಸೆಂಟಿಮೀಟರು, ತೂಕ 54 ಕಿಲೋ, ಅಂದರೆ ಬಿಎಂಐ ಇಪ್ಪತ್ತೆರಡರ ಸುಮಾರು. ತೂಕ ನೋಡಿದವರು ಯಾರೂ ಏನೂ ಹೇಳುವಂತಿಲ್ಲ. ಮೆಲ್ಲಗೆ ಕೇಳಿದೆ, ಮುಟ್ಟು ನಿಂತು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಭಯದಿಂದ ಬಾಯಿಬಿಟ್ಟಿರಲಿಲ್ಲ. "ಅಜ್ಜಿ, ನಾನು ರಾತ್ರಿ ಊಟ ಬಿಟ್ಟು ಎರಡು ತಿಂಗಳಾಯಿತು. ಆದರೂ ಹೊಟ್ಟೆ ಕರಗುವುದಿಲ್ಲ" ಎಂದು ಬಿಕ್ಕಿದಳು. ವೈದ್ಯೆಯಲ್ಲಿಗೆ ಕರೆದೊಯ್ದೆವು. ಥೈರಾಯ್ಡ್ ಮೊದಲಾದವನ್ನೆಲ್ಲ ಪರೀಕ್ಷಿಸಿದ ಮೇಲೆ ಪಿಸಿಓಎಸ್ ಎಂದೇ ತೀರ್ಮಾನವಾಯಿತು. ಉಪವಾಸ ಬೇಡ, ದಿನವೂ ನಡಿಗೆ, ಅನ್ನ ಕಡಿಮೆ, ಕಾಳು ತರಕಾರಿ ಹೆಚ್ಚು, ಜೊತೆಗೆ ಔಷಧಿ ಎಂದರು ವೈದ್ಯೆ. ಹೊಟ್ಟೆಯೊಂದನ್ನೇ ಕರಗಿಸುವ ವ್ಯಾಯಾಮ ಯಾವುದೂ ಇಲ್ಲವಂತೆ. ದೂರದರ್ಶನದ ಜಾಹೀರಾತಿನವರು ಕೇಳಿಸಿಕೊಳ್ಳಲಿ.

ತಂಗಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕಡಲೆಹಿಟ್ಟಿನ ಡಬ್ಬಿಯನ್ನು ಬಚ್ಚಲಿನಿಂದ ಅಡಿಗೆಮನೆಗೆ ತಂದಿಟ್ಟಳು. "ಇನ್ನು ಇದರಲ್ಲಿ ಬಜ್ಜಿಯನ್ನೂ ಮಾಡುವಂತಿಲ್ಲ" ಎಂದಳು ಹುಡುಗಿ. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಅಂದು ಸಂಜೆ ಬ್ಯಾಂಕಿನ ಆ ನನ್ನ ವಿದ್ಯಾರ್ಥಿನಿಗೆ ದೂರವಾಣಿ ಮಾಡಿದೆ. 2019ರಲ್ಲಿ ಹೇಳಲಾಗದಿದ್ದ ಮಾತನ್ನು ಹೇಳಿದೆ. "ಅದನ್ನೆಲ್ಲ ಬಿಡಿ ಟೀಚರ್, ಹುಡುಗಿಗೆ ಕೊಡಿ" ಎಂದಳು. ಇಬ್ಬರೂ ಒಂದು ಗಂಟೆ ಮಾತಾಡಿದರು. ಏನು ಮಾತಾಡಿದರೆಂದು ಇಬ್ಬರೂ ನನಗೆ ಹೇಳಿಲ್ಲ.