ಗರಗರ ಎಂದ ಮಾರುತಿ

ಹಳೆಯ ಕಾರು ಮನೆಯಲ್ಲಿದ್ದರೆ ವಯಸ್ಸಾದ ಅತ್ತೆ ಮನೆಯಲ್ಲಿದ್ದ ಹಾಗೆ. ದಿನಕ್ಕೊಂದು ಸದ್ದು, ವಾರಕ್ಕೊಂದು ನೋವು. (ನಮ್ಮತ್ತೆ ಕನ್ನಡಕ ಒಡೆದುಕೊಂಡು ಕೂತಿದ್ದಾರೆ, ಇದನ್ನು ಓದಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ನಮ್ಮದು 1999ರ ಮಾರುತಿ 800. ಈ ಕಾರು ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ನಿಂತು ಇಷ್ಟು ವರ್ಷವಾದರೂ ಹಂಗಳದ ಕಡೆ ಸಣ್ಣ ಈರುಳ್ಳಿ ಮೂಟೆ ಹೇರಿಕೊಂಡು ಓಡುವ ಮಾರುತಿಗಳು ಇನ್ನೂ ಇವೆ. ನಮ್ಮದೂ ಹಾಗೇ, ಅರಿಶಿನ, ಚೆಂಡು ಹೂವು, ನೆಂಟರು, ಎಲ್ಲವನ್ನೂ ಹೊತ್ತಿದೆ.

ಹೋದ ಶ್ರಾವಣದಲ್ಲಿ ಇದು ಹೊಸದೊಂದು ರಾಗ ತೆಗೆಯಿತು. ಅದೂ ಎಂಥ ಹೊತ್ತಿನಲ್ಲಿ ಅಂತೀರಿ! ಗೂಡಲೂರಿಗೆ ಕೊಟ್ಟಿರುವ ನಮ್ಮ ಹಿರೀ ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲು ಹೆರಿಗೆ, ಬಾಣಂತನ ತವರಲ್ಲೇ ಆಗಬೇಕು. ಬಸ್ಸಿನ ಕುಲುಕಾಟ ಬೇಡ ಎಂದು ಡಾಕ್ಟರಮ್ಮ ಹೇಳಿದ್ದರು. ಹಂಗಳದಿಂದ ಗೂಡಲೂರು ದೂರವೇನಲ್ಲ, ಆದರೆ ದಾರಿ ಬಹುಪಾಲು ಕಾಡು. ಮೇಲುಕಾಮನಹಳ್ಳಿ, ಬಂಡೀಪುರ, ಗಡಿ ದಾಟಿ ತೆಪ್ಪಕಾಡು, ಆಮೇಲೆ ಏರು. 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರ ವಾಹನಕ್ಕೆ ಬಂದ್. ಹಗಲಿನಲ್ಲೂ ಕಾಡಿನ ನಡುವೆ ಕಾರು ನಿಂತರೆ ಇಳಿದು ಬಾನೆಟ್ ಎತ್ತುವ ಹಾಗಿಲ್ಲ. ತುಂಬು ಬಸುರಿಯನ್ನು ಹಿಂದೆ ಕೂರಿಸಿಕೊಂಡು, ಎದುರಿಗೆ ಆನೆ ಇಟ್ಟುಕೊಂಡು, ಮೆಕ್ಯಾನಿಕ್ಕಿಗೆ ಫೋನ್ ಮಾಡುತ್ತ ಕೂರುವುದನ್ನು ನೆನೆದರೇ ನನಗೆ ಊಟ ಸೇರುತ್ತಿರಲಿಲ್ಲ.

ನಮ್ಮವರು ಕಾರನ್ನು ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದರು. ಅವನು ಎರಡು ಸಲ ಆಕ್ಸಿಲರೇಟರ್ ಒತ್ತಿ, "ಬೇರಿಂಗ್ ಹೋಗ್ಬುಟ್ಟದ ಕನಣ್ಣ, ಎಂಜಿನ್ ಬಿಚ್ಚದೇ ಸೈ, 22 ಸಾವಿರ ಆಯ್ತದ" ಎಂದ. ಇನ್ನೊಬ್ಬ ಟ್ಯಾಪೆಟ್ ಸಡಿಲವಾಗಿದೆ ಎಂದು ಬಿಗಿ ಮಾಡಿ 600 ರೂಪಾಯಿ ತೆಗೆದುಕೊಂಡ. ಸದ್ದು ಅಲ್ಲೇ ಇತ್ತು. 22 ಸಾವಿರವೆಂದರೆ ಅರಿಶಿನ ಮಾರಿ ಹೆರಿಗೆಗೆಂದು ಎತ್ತಿಟ್ಟಿದ್ದ ದುಡ್ಡು. "ಗುಜರಿಗೆ ಹಾಕಿಬಿಡೋಣ ಅತ್ಲಾಗೆ" ಎಂದು ನಮ್ಮವರು ಜಗಲಿಯ ಮೇಲೆ ಕೂತರು. ಮಗಳು ಫೋನಿನಲ್ಲಿ, "ಅಮ್ಮ, ನಾನು ಬಸ್ಸಲ್ಲೇ ಬತ್ತೀನಿ ಬುಡು" ಎಂದಳು.

ಈ ಗಂಡಸರಿಗೆ ಸದ್ದು ಅಂದರೆ ಸದ್ದು, ಅಷ್ಟೇ. ನಮಗೆ ಹಾಗಲ್ಲ ನೋಡಿ. ಕುಕ್ಕರಿನಲ್ಲಿ ನೀರು ಆರಿದ್ದು ಹಿತ್ತಲಿನಲ್ಲಿದ್ದರೂ ಗೊತ್ತಾಗುತ್ತದೆ. ಗ್ರೈಂಡರಿನ ಬೇರಿಂಗು ಸವೆಯುತ್ತಿದೆ ಅಂತ ಅದು ಕೆಡುವ ತಿಂಗಳ ಮೊದಲೇ ಕಿವಿ ಹೇಳುತ್ತದೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತೆಗೆದು ನಾಲ್ಕು ದಿನ ಕಾರಿನ ಸದ್ದು ಬರೆದಿಟ್ಟೆ. ಮೊದಲು ಎಣ್ಣೆಕಡ್ಡಿ ಎಳೆದು ನೋಡಿಸಿದೆ, ಎಂಜಿನ್ ಎಣ್ಣೆ ಗುರುತಿನ ತನಕ ಇತ್ತು. ಕಾರು ನಿಂತಿದ್ದಾಗಲೂ ಸದ್ದು ಬರುತ್ತಿತ್ತು, ಹಾಗಾದರೆ ಚಕ್ರದ್ದಲ್ಲ. ಆಕ್ಸಿಲರೇಟರ್ ಒತ್ತಿದಂತೆ ಸದ್ದಿನ ಓಟವೂ ಏರುತ್ತಿತ್ತು. ಕ್ಲಚ್ ತುಳಿಯಿರಿ, ಬಿಡಿರಿ ಎಂದು ನಮ್ಮವರನ್ನು ಹತ್ತು ಸಲ ಕಾಡಿದೆ. ತುಳಿದರೂ ಬಿಟ್ಟರೂ ಒಂದೇ. ಅಲ್ಲಿಗೆ ಕ್ಲಚ್ಚಿನ ಮೇಲಿನ ಅನುಮಾನವೂ ಹೋಯಿತು. ಬೆಲ್ಟು ತಿರುಗುವ ಪಕ್ಕದಲ್ಲಿ ನಿಂತರೆ ಸದ್ದು ಜೋರು, ಆ ಪಕ್ಕಕ್ಕೆ ಸರಿಯಾಗಿ ಬೆಳಿಗ್ಗೆ ನೆಲದ ಮೇಲೆ ಒಂದು ರೂಪಾಯಿ ಅಗಲದ ಹಸಿರು ತೇವ. ರೇಡಿಯೇಟರಿಗೆ ನೀರೂಡುವ ಬಾಟಲಿ ವಾರಕ್ಕೊಂದು ಬೆರಳು ಇಳಿಯುತ್ತಿತ್ತು. ಇದನ್ನು ಆ ಇಬ್ಬರಲ್ಲಿ ಯಾರೂ ಕೇಳಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಒಬ್ಬರು ಹಳೆಯ ಮೇಸ್ತ್ರಿ ಇದ್ದಾರೆ, ಅಂಬಾಸಡರ್ ಕಾಲದವರು. ಅವರ ಹತ್ತಿರ ನಾನೇ ಹೊರಟೆ. ಹಾಳೆ ಓದಿ, "ಇಷ್ಟ ಬರ್ಕೊಂಡು ಬಂದೋರ ನಾನು ಕಂಡಿಲ್ಲ ಕನವ್ವ" ಎಂದು ನಕ್ಕರು. ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಎಂಜಿನ್ನಿನ ಅಲ್ಲಲ್ಲಿಗೆ ತಾಗಿಸಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡರು. ಥೇಟ್ ಡಾಕ್ಟರು ಎದೆ ನೋಡಿದ ಹಾಗೆ. ನನಗೂ ಕೇಳಿಸಿದರು. ಮೇಲೆ ಟ್ಯಾಪೆಟ್ಟಿನ ಕಡೆ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್. ಅದು ವಯಸ್ಸಿನದು, ಇರಲಿ ಅಂದರು. ಕೆಳಗಿನ ದೊಡ್ಡ ಬೇರಿಂಗು ಹೋಗಿದ್ದರೆ ತಳದಿಂದ ಒನಕೆ ಕುಟ್ಟಿದಂತೆ ಧಡ್ ಧಡ್ ಎನ್ನುತ್ತದಂತೆ, ಭಾರ ಎಳೆಯುವಾಗ ಇನ್ನೂ ಜಾಸ್ತಿಯಂತೆ. ಏರಿನಲ್ಲಿ ಡಬ್ಬಿಯೊಳಗೆ ಕಡಲೆಕಾಳು ಕುಲುಕಿದಂತೆ ಕೇಳಿದರೆ ಪೆಟ್ರೋಲು ಉರಿಯುವ ಹೊತ್ತು ತಪ್ಪಿದೆ ಎಂದು ಲೆಕ್ಕ. ಬೆಲ್ಟು ಸಡಿಲವಾದರೆ ಬೆಳಗಿನ ಚಳಿಯಲ್ಲಿ ಕೀಚ್ ಎಂದು ಕಿರುಚುತ್ತದೆ. ವಿದ್ಯೆ ಅವರದು, ಹೋಲಿಕೆಗಳು ನನ್ನವು! ನಮ್ಮದು ಇದ್ಯಾವುದೂ ಅಲ್ಲ. ಸವೆದ ಗ್ರೈಂಡರಿನ ಗರಗರ.

ಆಮೇಲೆ ಅವರು ಮಾಡಿದ ಕೆಲಸ ಎಷ್ಟು ಸುಲಭದ್ದು ಎಂದರೆ ನನಗೆ ಹೊಟ್ಟೆ ಉರಿಯಿತು. ಬೆಲ್ಟನ್ನು ಕಳಚಿ ಪಕ್ಕಕ್ಕಿಟ್ಟು ಎಂಜಿನ್ ಚಾಲೂ ಮಾಡಿದರು. ಗರಗರ ಪೂರಾ ನಿಂತಿತು! ಬೆಲ್ಟಿಲ್ಲದೆ ನೀರು ಓಡುವುದಿಲ್ಲ, ಎಂಜಿನ್ ಕಾಯುತ್ತದೆ ಎಂದು ಅರ್ಧ ನಿಮಿಷಕ್ಕೇ ಆರಿಸಿದರು. ಹಾಗಾದರೆ ಕೆಟ್ಟದ್ದು ಎಂಜಿನ್ನಿನ ಹೊಟ್ಟೆಯಲ್ಲಿಲ್ಲ, ಬೆಲ್ಟು ತಿರುಗಿಸುವ ಎರಡರಲ್ಲಿ ಒಂದು. ಬ್ಯಾಟರಿಗೆ ಕರೆಂಟು ಕೊಡುವ ಆಲ್ಟರ್ನೇಟರನ್ನು ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ನೀರಿನ ಪಂಪನ್ನು ತಿರುಗಿಸಿದರೆ ಒಳಗೆ ಮರಳಿದ್ದ ಹಾಗೆ ಕರಕರ, ಹಿಡಿದು ಅಲ್ಲಾಡಿಸಿದರೆ ಹಲ್ಲಿನ ಹಾಗೆ ಅಲ್ಲಾಡಿತು. ಪಂಪಿನಲ್ಲಿ ಒಂದು ಪುಟ್ಟ ತೂತು ಇರುತ್ತದಂತೆ. ಒಳಗಿನ ಸೀಲು ಹೋದಾಗ ನೀರು ಅಲ್ಲಿಂದ ಜಿನುಗಿ ಸುದ್ದಿ ಮುಟ್ಟಿಸಲಿ ಎಂದೇ ಬಿಟ್ಟಿರುವ ತೂತು. ನಮ್ಮ ನೆಲದ ಹಸಿರು ತೇವ ಬಂದದ್ದು ಅಲ್ಲಿಂದ.

"ಹಿಂಗೇ ಗೂಡಲೂರು ಏರು ಹತ್ತಿದ್ರ?" ಎಂದು ಕೇಳಿದೆ. ಪಂಪು ಬಿಗಿದುಕೊಂಡು ಬೆಲ್ಟು ಹರಿಯುತ್ತಿತ್ತಂತೆ. ನೀರು ಓಡದೆ ಎಂಜಿನ್ ಕಾದು, ಹೆಡ್ಡಿನ ಗ್ಯಾಸ್ಕೆಟ್ ಸುಟ್ಟು, ಆಗ ನಿಜವಾಗಿ ಬಿಚ್ಚಬೇಕಾಗುತ್ತಿತ್ತು. ಹೊಸ ಪಂಪು, ಹೊಸ ಬೆಲ್ಟು, ಕೂಲಂಟು, ಕೂಲಿ ಎಲ್ಲ ಸೇರಿ 2,900 ರೂಪಾಯಿ ಆಯಿತು.

ನೀವೂ ಬಾನೆಟ್ಟಿನ ಹತ್ತಿರ ಕಿವಿ ಕೊಡುವುದಾದರೆ ಒಂದು ಮಾತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ತುರುಬು ಕಟ್ಟಿ, ಬಳೆ ತೆಗೆದಿಡಿ. ತಿರುಗುವ ಬೆಲ್ಟಿನ ಹತ್ತಿರ ಬೆರಳು ಬೇಡ. ರೇಡಿಯೇಟರ್ ಫ್ಯಾನು ಇದ್ದಕ್ಕಿದ್ದಂತೆ ತಿರುಗಲು ಶುರುವಾಗುತ್ತದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಕುಕ್ಕರ್ ಮುಚ್ಚಳ ಹಾರಿದ್ದಕ್ಕಿಂತ ಕಡೆ. ಬೆಲ್ಟು ಕಳಚುವ ಕೆಲಸ ಮೇಸ್ತ್ರಿಗೇ ಬಿಡಿ. ಯಾವಾಗ, ಎಲ್ಲಿ, ಹೇಗೆ ಸದ್ದು ಬರುತ್ತದೆ ಎಂದು ಬರೆದುಕೊಂಡು ಹೋಗಿ, ಸಾಕು.

ಮುಂದಿನ ಭಾನುವಾರ ನಸುಕಿನಲ್ಲೇ ಹೊರಟು ಮಗಳನ್ನು ಕರೆತಂದೆವು. ಹೋಗುವಾಗ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ. ಬರುವಾಗ ತೆಪ್ಪಕಾಡು ದಾಟಿದ ಮೇಲೆ ಮಗಳು ಕೇಳಿದಳು, "ಯಾಕಮ್ಮ, ಆಗಿಂದ ಒಂದು ಮಾತೂ ಆಡ್ತಿಲ್ಲ?"

"ಎಂಜಿನ್ ಕೇಳ್ತಾ ಇವ್ನಿ ಕನವ್ವ, ಸುಮ್ಮಗ ಮನಿಕ್ಕೊ" ಎಂದೆ.